ಕೆಜಿಗೆ ನಾಲ್ಕು ರೂಪಾಯಿ ಉಳಿತಾಯ

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಬಜೆಟ್ ಅನ್ನುವುದು ಹುಟ್ಟುವುದೇ ಬ್ಯಾಂಕಿಗಾಗಿ. ಓಡಿ, ಅಂದರೆ ಓವರ್‌ಡ್ರಾಫ್ಟ್ ಸಾಲ, ರಿನ್ಯೂ ಮಾಡಬೇಕು, ಮುಂದಿನ ವರ್ಷದ ಪ್ರೊಜೆಕ್ಷನ್ ಕೊಡಿ ಅಂತ ಮ್ಯಾನೇಜರ್ ಕೇಳುತ್ತಾರೆ. ಹಿಂದಿನ ವರ್ಷದ ಅಂಕಿಗೆ ಒಂದಿಷ್ಟು ಪರ್ಸೆಂಟ್ ಸೇರಿಸಿ, ಆಡಿಟರ್ ಹತ್ತಿರ ಸೀಲು ಹಾಕಿಸಿ ಕಳಿಸಿದರೆ ಮುಗಿಯಿತು. ಆಮೇಲೆ ಆ ಹಾಳೆಯನ್ನು ಯಾರೂ ತೆರೆಯುವುದಿಲ್ಲ. ಅಪರೂಪಕ್ಕೆ ತೆರೆದರೂ ನೋಡುವುದು ಒಂದೇ ಸಾಲು, ಒಟ್ಟು ಖರ್ಚು. ಜಾಸ್ತಿಯಾಗಿದ್ದರೆ ಯಾರಿಗಾದರೂ ಬೈಗುಳ. ಕಮ್ಮಿಯಾಗಿದ್ದರೆ ಎಲ್ಲರೂ ಸುಮ್ಮನೆ.

ನಾನು ಇಂಥ ಕೆಲವು ಕಾರ್ಖಾನೆಗಳಿಗೆ ಕಾಸ್ಟ್ ಲೆಕ್ಕ ನೋಡುವವಳು. ಪೂರ್ತಿ ಸಂಬಳ ಕೊಟ್ಟು ಕಾಸ್ಟ್ ಅಕೌಂಟೆಂಟ್ ಇಟ್ಟುಕೊಳ್ಳುವಷ್ಟು ದೊಡ್ಡವರಲ್ಲ ಇವರು. ಕಾನೂನಿನ ಒತ್ತಡವೂ ಇಲ್ಲ. ಕಾಸ್ಟ್ ರೆಕಾರ್ಡ್ ಇಡಬೇಕು ಅನ್ನುವ 2014ರ ನಿಯಮಗಳು 35 ಕೋಟಿ ವಹಿವಾಟು ದಾಟಿದ ಕಂಪನಿಗಳ ಕಡೆಗೆ ನೋಡುತ್ತವೆ, ಸಣ್ಣ ಉದ್ದಿಮೆಗಳನ್ನು ಬಿಟ್ಟುಬಿಡುತ್ತವೆ. ಹಾಗಾಗಿ ನನ್ನನ್ನು ಕರೆಯುವುದು ಏನೋ ಎಡವಟ್ಟಾಗಿದೆ ಅಂತ ಮಾಲೀಕರಿಗೆ ಅನಿಸಿದಾಗಲೇ. ಆರ್ಡರ್ ತುಂಬಾ ಇದೆ, ಮೆಷಿನ್ ನಿಲ್ಲುತ್ತಿಲ್ಲ, ಆದರೆ ಬ್ಯಾಂಕಲ್ಲಿ ದುಡ್ಡು ಉಳಿಯುತ್ತಿಲ್ಲ. ಯಾಕೆ ಅಂತ ನೋಡಿ ಮೇಡಂ, ಅಂತಾರೆ.

ಇಷ್ಟು ವರ್ಷ ನೋಡಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಬಜೆಟ್ಟಿಗೂ ನಿಜವಾದ ಖರ್ಚಿಗೂ ನಡುವಿನ ವ್ಯತ್ಯಾಸ, ಅಂದರೆ ವೇರಿಯನ್ಸ್, ಒಬ್ಬರ ಹೆಸರಿನ ಮುಂದೆ ಕಾಣಿಸುತ್ತದೆ, ಹುಟ್ಟಿರುವುದು ಇನ್ನೊಬ್ಬರ ಟೇಬಲ್ಲಿನ ಮೇಲೆ. ಶೀಟಿನಲ್ಲಿ ಹೆಸರು ಕಂಡವರನ್ನು ಹಿಡಿದು ಕೇಳಿದರೆ ಉತ್ತರ ಸಿಗುವುದಿಲ್ಲ, ಜಗಳ ಸಿಗುತ್ತದೆ.

ಒಂದು ಕಾರ್ಖಾನೆಯ ಉದಾಹರಣೆ ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಸಿಎನ್‌ಸಿ ಲೇತ್‌ಗಳಿರುವ, ಅಂದರೆ ಕಂಪ್ಯೂಟರ್ ನಡೆಸುವ ಲೇತ್‌ಗಳಿರುವ ಶೆಡ್ಡು. ಇಎನ್8 ಅನ್ನುವ ಬಗೆಯ ಉಕ್ಕಿನ ಬಾರ್‌ನಿಂದ 38 ಎಂಎಂ ವ್ಯಾಸದ ಒಂದು ಪಿನ್ ಮಾಡುತ್ತಾರೆ, 5,000 ಪೀಸಿನ ಆರ್ಡರ್. 40 ಎಂಎಂ ಬಾರ್ ತಗೊಂಡರೆ ಕತ್ತರಿಸುವ ಅಂಚೂ ಸೇರಿ ಪೀಸಿಗೆ 66 ಎಂಎಂ ಉದ್ದ ಬೇಕು. ಬಾರ್ ತೂಕ ತಿಳಿಯಲು ಇಲ್ಲಿ ಎಲ್ಲರ ಬಾಯಲ್ಲೂ ಇರುವ ಸೂತ್ರ ಒಂದಿದೆ: ವ್ಯಾಸವನ್ನು ಎಂಎಂನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತದೆ. 40ಕ್ಕೆ ಸುಮಾರು 9.9 ಕೆಜಿ. ಹಾಗಾಗಿ ಪೀಸಿಗೆ 0.65 ಕೆಜಿ. ಕೆಜಿಗೆ 72 ರೂಪಾಯಿ ಅಂತ ಬಜೆಟ್. 3,250 ಕೆಜಿ, 2,34,000 ರೂಪಾಯಿ.

ತಿಂಗಳ ಕೊನೆಗೆ ಬಿಲ್ ನೋಡಿದರೆ ಕೆಜಿಗೆ 68 ರೂಪಾಯಿಯಂತೆ ಕೊಂಡಿದ್ದಾರೆ. ಒಟ್ಟು ಕೊಂಡದ್ದು 4,125 ಕೆಜಿ. ಬೆಲೆಯ ವ್ಯತ್ಯಾಸ ಕೆಜಿಗೆ 4 ರೂಪಾಯಿ ಲಾಭ, ಅಂದರೆ 16,500 ಉಳಿತಾಯ. ಪರ್ಚೇಸ್ ನೋಡಿಕೊಳ್ಳುವ ಹುಡುಗನಿಗೆ ಮಾಲೀಕರು ಎಲ್ಲರ ಮುಂದೆ ಶಹಭಾಷ್ ಹೇಳಿದ್ದರು. ಬಳಕೆಯ ವ್ಯತ್ಯಾಸ 875 ಕೆಜಿ ಜಾಸ್ತಿ, ಬಜೆಟ್ ದರದಲ್ಲಿ 63,000 ರೂಪಾಯಿ ನಷ್ಟ. ಅದು ಶಾಪ್ ಫ್ಲೋರ್ ಸೂಪರ್‌ವೈಸರ್ ಲೆಕ್ಕಕ್ಕೆ. ಮಾಲು ಪೋಲು ಮಾಡ್ತಿದ್ದೀರಾ, ಕದ್ದು ಗುಜರಿಗೆ ಹಾಕ್ತಿದ್ದೀರಾ ಅನ್ನುವವರೆಗೂ ಮಾತು ಹೋಗಿತ್ತು. ಆ ಮನುಷ್ಯ ಕೆಲಸ ಬಿಡ್ತೀನಿ ಅಂತ ಕೂತಿದ್ದರು.

ನಾನು ಹೋದಾಗ ಅವರು ಹೆಚ್ಚು ಮಾತಾಡಲಿಲ್ಲ. ಲೇತ್ ಪಕ್ಕದ ಡ್ರಮ್ಮಿನಿಂದ ಒಂದು ಹಿಡಿ ಚಿಪ್ಸ್, ಅಂದರೆ ಲೇತ್ ಕೆತ್ತಿ ಬಿಟ್ಟ ಉಕ್ಕಿನ ಚೂರು, ತೆಗೆದು ನ್ಯೂಸ್‌ಪೇಪರ್ ಮೇಲೆ ಸುರಿದರು. ನೀಲಿಗೆ ತಿರುಗಿದ ದಪ್ಪ ಸುರುಳಿಗಳು. ಎರಡು ಎಂಎಂ ವ್ಯಾಸ ಇಳಿಸುವ ಕೆಲಸದಲ್ಲಿ ಇಷ್ಟು ದಪ್ಪದ ಚಿಪ್ಸ್ ಬರುವುದಿಲ್ಲ.

"ನಲವತ್ತೈದರ ಬಾರ್ ತಂದು ಹಾಕಿದಾರೆ ಮೇಡಂ. ನಮ್ಮ ಸ್ಪಿಂಡಲ್ ತೂತು ನಲವತ್ತೆರಡಕ್ಕೆ ಮುಗೀತು. ಬಾರ್ ಒಳಗೇ ಹೋಗಲ್ಲ. ಹೊರಗಡೆ ಬ್ಯಾಂಡ್‌ಸಾದಲ್ಲಿ ತುಂಡು ತುಂಡು ಕತ್ತರಿಸಿ ತಂದು, ಒಂದೊಂದೇ ಲೇತಿನ ಚಕ್ಕಿಗೆ ಕಟ್ತಾ ಇದೀವಿ."

"ನೀವು ಮಾಲೀಕರಿಗೆ ಹೇಳಲಿಲ್ವಾ?"

"ಹೇಳೋಕೆ ಬಿಟ್ರೆ ತಾನೇ."

45 ಎಂಎಂ ಬಾರ್ ಮೀಟರಿಗೆ 12.5 ಕೆಜಿ ತೂಗುತ್ತದೆ. ಪೀಸಿಗೆ 0.825 ಕೆಜಿ. 5,000 ಪೀಸಿಗೆ 4,125. ಒಂದು ಗ್ರಾಂ ಕೂಡ ಕಳುವಾಗಿಲ್ಲ. ಬಳಕೆಯ ವ್ಯತ್ಯಾಸ ಪೂರ್ತಿ ಆ ದಪ್ಪ ಬಾರ್‌ನದ್ದು. ಜಾಸ್ತಿ ಬಂದ 875 ಕೆಜಿ ಚಿಪ್ಸ್ ಗುಜರಿಗೆ ಕೆಜಿಗೆ 30 ರೂಪಾಯಿಯಂತೆ ಹೋಯಿತು, 26,250 ವಾಪಸ್ ಬಂತು ಅಂತಿಟ್ಟುಕೊಳ್ಳೋಣ. ಆದರೆ ಬಾರ್ ತಾನಾಗಿ ಒಳಗೆ ಬರುವ ಬದಲು ಕೈಯಲ್ಲಿ ಕಟ್ಟಬೇಕು, ಒಂದೆರಡು ಪಾಸ್ ಜಾಸ್ತಿ ಹೊಡೆಯಬೇಕು. ಪೀಸಿಗೆ 36 ಸೆಕೆಂಡ್ ಜಾಸ್ತಿ. ಕೇಳೋಕೆ ಏನೂ ಅಲ್ಲ. 5,000 ಪೀಸಿಗೆ ಅದು 50 ಗಂಟೆ. ಮೆಷಿನ್ ಗಂಟೆಗೆ 450 ರೂಪಾಯಿ ಅಂದರೆ 22,500. ಬ್ಯಾಂಡ್‌ಸಾ ಅಂಗಡಿಗೆ ಕಟ್ಟಿಂಗ್ ಚಾರ್ಜು ತುಂಡಿಗೆ 3 ರೂಪಾಯಿ, 15,000. ಎಲ್ಲ ಕೂಡಿ ಕಳೆದರೆ, 16,500 ಉಳಿಸಿದ ಖರೀದಿಯಿಂದ ಕೊನೆಗೆ ಕೈಬಿಟ್ಟು ಹೋದದ್ದು 57,750 ರೂಪಾಯಿ. ಲೋಹ ಕೆತ್ತುವ ಮೊನೆ, ಅಂದರೆ ಇನ್ಸರ್ಟ್, ಬೇಗ ಸವೆದದ್ದನ್ನು ನಾನು ಇದಕ್ಕೆ ಸೇರಿಸಿಯೇ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ಬೈಗುಳ ಸೂಪರ್‌ವೈಸರ್ ಕಡೆಯಿಂದ ಪರ್ಚೇಸ್ ಹುಡುಗನ ಕಡೆಗೆ ತಿರುಗುತ್ತದೆ, ಅಷ್ಟೇ. ಅವನನ್ನು ಕೇಳಿದೆ. 40 ಎಂಎಂ ಬಾರ್ ಅವರಿಗೆ ಯಾವಾಗಲೂ ಕೊಡುವ ಸ್ಟಾಕಿಸ್ಟ್ ಹತ್ತಿರ ಇತ್ತು. ಆದರೆ ಹಳೇ ಬಾಕಿ ಕೊಡದೆ ಹೊಸ ಮಾಲು ಇಲ್ಲ ಅಂದಿದ್ದರು. ಡೆಲಿವರಿ ತಲೆ ಮೇಲೆ ಕೂತಿತ್ತು. ಬೇರೆ ಅಂಗಡಿಯಲ್ಲಿ ಸಾಲಕ್ಕೆ ಸಿಕ್ಕಿದ್ದು 45 ಮಾತ್ರ. ದರ ಕಮ್ಮಿ ಇದ್ದದ್ದು ಕಾಕತಾಳೀಯ, ಅವನು ಚೌಕಾಸಿ ಕೂಡ ಮಾಡಿರಲಿಲ್ಲ. ಸ್ಟಾಕಿಸ್ಟ್‌ಗೆ ಬಾಕಿ ಯಾಕೆ ಉಳಿಯಿತು ಅಂದರೆ ದೊಡ್ಡ ಗಿರಾಕಿಯೊಬ್ಬರು ಮೂರು ತಿಂಗಳಾದರೂ ದುಡ್ಡು ಕೊಟ್ಟಿರಲಿಲ್ಲ. ಆ ಗಿರಾಕಿಗೆ ಫೋನ್ ಮಾಡಿ ಕೇಳುವ ಕೆಲಸ ಮಾಲೀಕರದ್ದು. ಕೇಳಿದರೆ ಮುಂದಿನ ಆರ್ಡರ್ ಕೈತಪ್ಪುತ್ತದೇನೋ ಅಂತ ಅವರು ಕೇಳಿರಲಿಲ್ಲ.

ಅಂದರೆ ಲೇತ್ ಪಕ್ಕದ ಡ್ರಮ್ಮಿನಲ್ಲಿ ಕಂಡ ವ್ಯತ್ಯಾಸದ ಬೇರು ಮಾಲೀಕರ ಕ್ಯಾಬಿನ್ನಿನಲ್ಲಿತ್ತು. ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಆದಾಯ ತೆರಿಗೆಯಲ್ಲೂ, ಹಾಗೆ ತಡ ಮಾಡಿದ ಬಾಕಿಯನ್ನು ಕೊಡುವ ತನಕ ಖರ್ಚು ಅಂತ ತೋರಿಸುವ ಹಾಗಿಲ್ಲ ಅನ್ನುವ ನಿಯಮ 2023ರ ಬಜೆಟ್ಟಿನಲ್ಲಿ ಬಂತು. ಕಾಗದದ ಮೇಲೆ ಎಲ್ಲ ಭದ್ರವಾಗಿದೆ. ಗಿರಾಕಿಯ ಮೇಲೆ ಆ ಬಡ್ಡಿ ಹಾಕಿ ಬಿಲ್ ಕಳಿಸಿದ ಸಣ್ಣ ಮಾಲೀಕರನ್ನು ಮಾತ್ರ ನಾನು ಇನ್ನೂ ನೋಡಬೇಕು.

ಇದೇ ಕಾರಣಕ್ಕೆ ನಾನು ಲಾಭದ ಕಡೆ ಕಾಣುವ ವ್ಯತ್ಯಾಸವನ್ನೇ ಮೊದಲು ಅನುಮಾನದಿಂದ ನೋಡುವುದು. ನಷ್ಟವಾದರೆ ಎಲ್ಲರೂ ಹುಡುಕುತ್ತಾರೆ. ಉಳಿತಾಯವಾದರೆ ಯಾರೂ ಹುಡುಕುವುದಿಲ್ಲ. ಮೇಂಟೆನೆನ್ಸ್ ಖರ್ಚು ಬಜೆಟ್ಟಿಗಿಂತ ಅರ್ಧಕ್ಕೆ ಇಳಿದಿದೆ ಅಂದರೆ ಯಾರೋ ಆಯಿಲ್ ಬದಲಿಸಿಲ್ಲ ಅಂತ ಅರ್ಥ ಇರಬಹುದು. ಸಂಬಳದ ಖರ್ಚು ಕಮ್ಮಿಯಾಗಿದೆ ಅಂದರೆ ಅನುಭವದ ಆಪರೇಟರ್ ಬಿಟ್ಟು ಹೋಗಿ, ಹೊಸ ಹುಡುಗ ಬಂದಿರಬಹುದು. ಮುಂದಿನ ತಿಂಗಳು ರಿಜೆಕ್ಷನ್ ಕಾಲಂ ನೋಡಿದರೆ ಗೊತ್ತಾಗುತ್ತದೆ.

ಕರೆಂಟ್ ಬಿಲ್ಲಿನ ಕಥೆ ಬೇರೆ. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡಿಗೆ ತಕ್ಕ ನಿಗದಿತ ಶುಲ್ಕ ಒಂದು ಸಾಲು, ಸುಟ್ಟ ಯೂನಿಟ್ಟಿನ ಶುಲ್ಕ ಇನ್ನೊಂದು ಸಾಲು, ಇಂಧನ ಹೊಂದಾಣಿಕೆಯ ಹೆಸರಲ್ಲಿ ಮತ್ತೊಂದು. ಬಜೆಟ್ಟಿನಲ್ಲಿ ಮಾತ್ರ "ವಿದ್ಯುತ್" ಅಂತ ಒಂದೇ ಸಾಲು ಇರುತ್ತದೆ. ಒಂದು ಕಡೆ ಬಿಲ್ ಏರಿತು, ಎಲ್ಲರೂ ಹೊಸದಾಗಿ ಬಂದ ಮೆಷಿನ್ನನ್ನು ದೂರಿದರು. ಬಿಲ್ಲನ್ನು ಸಾಲು ಸಾಲಾಗಿ ಓದಿದರೆ ಯೂನಿಟ್ ಹೆಚ್ಚಾಗಿರಲೇ ಇಲ್ಲ. ಪವರ್ ಫ್ಯಾಕ್ಟರ್, ಅಂದರೆ ಎಳೆದುಕೊಂಡ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ನಿಗದಿತ ಮಟ್ಟಕ್ಕಿಂತ ಕೆಳಗೆ ಇಳಿದು ದಂಡ ಬಿದ್ದಿತ್ತು. ಅದನ್ನು ಸರಿಯಾಗಿಡುವ ಕೆಪಾಸಿಟರ್ ಪ್ಯಾನೆಲ್ಲಿನಲ್ಲಿ ಸತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಬದಲಿಸಿಹೋದರು, ಅಷ್ಟೇ.

ಒಟ್ಟು ಖರ್ಚನ್ನೇ ನೋಡುವ ಅಭ್ಯಾಸದಿಂದ ಆಗುವ ಇನ್ನೊಂದು ಅನಾಹುತ ಹೇಳಲೇಬೇಕು. ಬೇರೊಂದು ಕಾರ್ಖಾನೆಯಲ್ಲಿ ತಿಂಗಳಿಗೆ 20,000 ಪೀಸ್ ಅಂತ ಬಜೆಟ್. ಪೀಸಿಗೆ 90 ರೂಪಾಯಿ ಬದಲಾಗುವ ಖರ್ಚು, ಅದರ ಮೇಲೆ ಬಾಡಿಗೆ, ಸಾಲದ ಬಡ್ಡಿ, ಆಫೀಸ್ ಸಂಬಳ ಸೇರಿ 6 ಲಕ್ಷ ಸ್ಥಿರ ಖರ್ಚು. ಒಟ್ಟು 24 ಲಕ್ಷ. ಆಯುಧ ಪೂಜೆ, ದೀಪಾವಳಿ ರಜೆ ಎಲ್ಲ ಕಳೆದು 16,000 ಪೀಸ್ ಮಾತ್ರ ಆಯಿತು. ಖರ್ಚು 22 ಲಕ್ಷ. "ನೋಡಿ ಮೇಡಂ, ಎರಡು ಲಕ್ಷ ಉಳಿಸಿದೀವಿ" ಅಂತ ಮಾಲೀಕರು ನಗುತ್ತಾ ಸ್ವೀಟ್ ಬಾಕ್ಸ್ ಮುಂದಿಟ್ಟರು. 16,000 ಪೀಸಿಗೆ ಆಗಬೇಕಾಗಿದ್ದ ಖರ್ಚು 14.4 ಲಕ್ಷ ಪ್ಲಸ್ 6 ಲಕ್ಷ, ಅಂದರೆ 20.4 ಲಕ್ಷ. ಉಳಿದದ್ದೇನೂ ಇಲ್ಲ, 1.6 ಲಕ್ಷ ಜಾಸ್ತಿ ಹೋಗಿದೆ. ಸ್ವೀಟ್ ತಿಂದ ಮೇಲೆ ಇದನ್ನು ಹೇಳುವುದು ಕಷ್ಟದ ಕೆಲಸ. ಮಾಡಿದ ಪೀಸಿಗೆ ತಕ್ಕಂತೆ ಬಜೆಟ್ಟನ್ನು ಮೊದಲು ಹಿಗ್ಗಿಸಿ ಕುಗ್ಗಿಸಿಕೊಂಡು ಆಮೇಲೆ ಹೋಲಿಸಬೇಕು. ಫ್ಲೆಕ್ಸಿಬಲ್ ಬಜೆಟ್ ಅಂತ ಪುಸ್ತಕದಲ್ಲಿರುವುದು ಇದೇ.

ಇದು ಹೊಸ ವಿಚಾರವೂ ಅಲ್ಲ. ಇಂಗ್ಲೆಂಡಿನಲ್ಲಿ ಪಿಂಗಾಣಿ ಮಾಡುತ್ತಿದ್ದ ಜೋಸಾಯಾ ವೆಜ್‌ವುಡ್ 1772ರ ಹಣಕಾಸು ಬಿಕ್ಕಟ್ಟಿನಲ್ಲಿ ಮಾರಾಟ ಬಿದ್ದು, ಮಾಲು ಗೋದಾಮಿನಲ್ಲಿ ರಾಶಿಯಾದಾಗ ತನ್ನ ಲೆಕ್ಕದ ಪುಸ್ತಕ ಬಿಚ್ಚಿ ಕೂತ. ಅಚ್ಚು ಮಾಡುವ ಖರ್ಚು, ಬಾಡಿಗೆ ಇವೆಲ್ಲ ಹೆಚ್ಚು ಮಾಡಿದರೂ ಕಮ್ಮಿ ಮಾಡಿದರೂ ಹಾಗೇ ನಡೆಯುತ್ತಿರುತ್ತವೆ ಅಂತ ಅವನಿಗೆ ಹೊಳೆದದ್ದು ಆಗಲೇ. ಹಾಗೆ ಲೆಕ್ಕ ಬಿಡಿಸುತ್ತಾ ಹೋದಾಗ ಗುಮಾಸ್ತ ದುಡ್ಡು ಹೊಡೆಯುತ್ತಿದ್ದದ್ದೂ ಸಿಕ್ಕಿಬಿತ್ತು. ಬೆಲೆಯಿಂದ ಎಷ್ಟು, ಬಳಕೆಯಿಂದ ಎಷ್ಟು ಅಂತ ವ್ಯತ್ಯಾಸ ಬಿಡಿಸುವ ಸೂತ್ರಗಳನ್ನು ಅಮೆರಿಕದಲ್ಲಿ ಜಿ. ಚಾರ್ಟರ್ ಹ್ಯಾರಿಸನ್ ಒಪ್ಪವಾಗಿ ಬರೆದು ಪ್ರಕಟಿಸಿದ್ದು 1918ರಲ್ಲಿ. ನೂರು ವರ್ಷದ ಮೇಲಾಯಿತು. ನಾವು ಇನ್ನೂ ಒಟ್ಟು ಸಾಲನ್ನೇ ನೋಡುತ್ತಿದ್ದೇವೆ.

ಬಜೆಟ್ಟೇ ತಪ್ಪಾಗಿರುವ ಸಂದರ್ಭವೂ ಇದೆ. 2022 ನೆನಪಿದೆಯಲ್ಲ. ಮಾರ್ಚ್‌ನಲ್ಲಿ ನಿಕಲ್ ಬೆಲೆ ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿ, ಲಂಡನ್ ಲೋಹದ ಮಾರುಕಟ್ಟೆಯಲ್ಲಿ ಅದರ ವಹಿವಾಟನ್ನೇ ನಿಲ್ಲಿಸಿದರು. ಉಕ್ಕಿನ ಬೆಲೆ ಏರಿ ಕೂತಿತ್ತು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉಕ್ಕಿನ ಹಲವು ಸರಕುಗಳ ರಫ್ತಿಗೆ ಶೇ 15 ಸುಂಕ ಹಾಕಿತು, ನವೆಂಬರ್‌ನಲ್ಲಿ ತೆಗೆಯಿತು. ಅಂಥ ವರ್ಷದಲ್ಲಿ ಏಪ್ರಿಲ್ ದರವನ್ನು ಬಜೆಟ್ಟಿನಲ್ಲಿ ಹಿಡಿದಿಟ್ಟು, ಡಿಸೆಂಬರ್ ಖರೀದಿಯನ್ನು ಅದರ ಜೊತೆ ಹೋಲಿಸಿ ಪರ್ಚೇಸ್‌ನವರನ್ನು ಹೊಗಳುವುದೂ ತಪ್ಪು, ಬೈಯುವುದೂ ತಪ್ಪು. ನಾನು ಮಾಡುವುದು ಇಷ್ಟು: ಕೊಂಡ ದಿನ ಮಾರುಕಟ್ಟೆಯಲ್ಲಿ ದರ ಎಷ್ಟಿತ್ತು ಅಂತ ಬರೆದಿಡುತ್ತೇನೆ. ಬಜೆಟ್ಟಿಗೂ ಆ ದರಕ್ಕೂ ಇರುವ ವ್ಯತ್ಯಾಸ ಬಜೆಟ್ ಮಾಡಿದವರದ್ದು. ಆ ದರಕ್ಕೂ ಕೊಂಡ ದರಕ್ಕೂ ಇರುವ ವ್ಯತ್ಯಾಸ ಮಾತ್ರ ಕೊಂಡವರದ್ದು.

ಕೆಲವೊಂದಂತೂ ಮೊದಲೇ ಗೊತ್ತಿದ್ದೂ ಮರೆಯುವಂಥವು. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಪರಿಷ್ಕರಣೆಯಾಗುತ್ತದೆ. ಮಾರ್ಚ್‌ನಲ್ಲಿ ಬಜೆಟ್ ಮಾಡುವಾಗ ಫೆಬ್ರುವರಿ ಸಂಬಳದ ಶೀಟ್ ಇಟ್ಟುಕೊಂಡು ಮಾಡಿದರೆ ಮೊದಲ ತಿಂಗಳೇ ನಷ್ಟ ತೋರಿಸುತ್ತದೆ. ಅದಕ್ಕೊಂದು ಮೀಟಿಂಗು, ಟೀ, ಬಿಸ್ಕತ್ತು.

ಪೀಣ್ಯದ ಹಳೇ ಮಾಲೀಕರಲ್ಲಿ ಬಹಳ ಜನ ಒಂದು ಕಾಲಕ್ಕೆ ಎಚ್‌ಎಂಟಿ, ಬಿಇಎಲ್ ಥರದ ಕಡೆ ಕೆಲಸ ಕಲಿತು ಬಂದವರು. ಮೈಕ್ರೋಮೀಟರ್ ಹಿಡಿದರೆ ಕಣ್ಣು ಮುಚ್ಚಿ ಹೇಳುತ್ತಾರೆ. ಅವರಿಗೆ ವೇರಿಯನ್ಸ್ ಅರ್ಥ ಮಾಡಿಸಲು ನಾನು ಅವರದ್ದೇ ಡ್ರಾಯಿಂಗ್ ತೆಗೆಯುತ್ತೇನೆ. ಡ್ರಾಯಿಂಗಿನಲ್ಲಿ ಪ್ರತಿ ಅಳತೆಗೂ ಟಾಲರೆನ್ಸ್, ಅಂದರೆ ಇಷ್ಟು ಹೆಚ್ಚು ಕಮ್ಮಿಯಾದರೆ ಪರವಾಗಿಲ್ಲ ಅನ್ನುವ ಮಿತಿ, ಇರುತ್ತದೆ. ಅದರೊಳಗೆ ಇದ್ದರೆ ಪೀಸ್ ಪಾಸ್, ಯಾರೂ ಪ್ರಶ್ನೆ ಕೇಳುವುದಿಲ್ಲ. ಬಜೆಟ್ಟಿನ ಸಾಲುಗಳಿಗೂ ಹಾಗೇ ಒಂದು ಟಾಲರೆನ್ಸ್ ಹಾಕಿ ಅಂತೀನಿ. ಮೆಟೀರಿಯಲ್‌ಗೆ ಶೇ 2, ಟೂಲಿಂಗ್‌ಗೆ ಶೇ 10, ಸ್ಟೇಷನರಿ, ಟೀ ಖರ್ಚು ನೋಡಲೇಬೇಡಿ. ಇದು ಅವರಿಗೆ ತಕ್ಷಣ ಹತ್ತುತ್ತದೆ. ಇಲ್ಲದಿದ್ದರೆ ಟೀ ಖರ್ಚು 400 ರೂಪಾಯಿ ಜಾಸ್ತಿಯಾದದ್ದರ ಮೇಲೆ ಅರ್ಧ ಗಂಟೆ ಮಾತಾಡಿ, 63,000ದ ಸಾಲಿಗೆ ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.

ಟ್ಯಾಲಿಯಲ್ಲಿ ಬಜೆಟ್ ಹಾಕುವ ಸೌಲಭ್ಯ ಇದೆ, ಆದದ್ದನ್ನೂ ಅಂದುಕೊಂಡದ್ದನ್ನೂ ಪಕ್ಕ ಪಕ್ಕ ತೋರಿಸುತ್ತದೆ. ನಮ್ಮ ಬೆಂಗಳೂರಿನದ್ದೇ ಸಾಫ್ಟ್‌ವೇರ್. ಎಲ್ಲರ ಹತ್ತಿರವೂ ಇದೆ, ಬಳಸುವವರು ಕಮ್ಮಿ. ಆದರೆ ಅದು ಲೆಡ್ಜರ್ ಹೆಸರು ಹೇಳುತ್ತದೆಯೇ ಹೊರತು ಕಾರಣ ಹೇಳುವುದಿಲ್ಲ. ಅದಕ್ಕೇ ನನ್ನ ಶೀಟಿನಲ್ಲಿ ಒಂದು ಕಾಲಂ ಜಾಸ್ತಿ ಇರುತ್ತದೆ: ಈ ತೀರ್ಮಾನ ತಗೊಂಡವರು ಯಾರು. ಆ ಕಾಲಂ ತುಂಬಲು ಆಫೀಸಿನಲ್ಲಿ ಕೂತರೆ ಆಗುವುದಿಲ್ಲ, ಶೆಡ್ಡಿಗೆ ಇಳಿಯಬೇಕು, ಆಪರೇಟರ್ ಪಕ್ಕ ನಿಂತು ಕೇಳಬೇಕು. ನಲವತ್ತೈದರ ಬಾರ್ ಬಂದ ಕಾರ್ಖಾನೆಯಲ್ಲಿ ಆ ಕಾಲಂ ಹಾಕಿದ ಮೊದಲ ತಿಂಗಳು ದೊಡ್ಡ ಮೊತ್ತಗಳ ಮುಂದೆಲ್ಲ ಹೆಚ್ಚು ಕಮ್ಮಿ ಒಂದೇ ಹೆಸರು ಬಂತು. ಮಾಲೀಕರು ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದರು. ಕೋಪ ಮಾಡಿಕೊಳ್ಳಲಿಲ್ಲ, ಅದು ಅವರ ದೊಡ್ಡತನ. ಸೂಪರ್‌ವೈಸರನ್ನು ಕರೆದು ಕಾಫಿ ಕೊಡಿಸಿದರು. ಕ್ಷಮೆ ಗಿಮೆ ಅಂತ ಯಾರೂ ಏನೂ ಅನ್ನಲಿಲ್ಲ, ಆ ಮನುಷ್ಯ ಕೆಲಸವೂ ಬಿಡಲಿಲ್ಲ.

ಆ ಕಾರ್ಖಾನೆಯಲ್ಲಿ ಈಗ ನಮ್ಮಿಬ್ಬರ ನಡುವೆ ಜಗ್ಗಾಟ ನಡೆದಿರುವುದು ಬೇರೆ ವಿಷಯಕ್ಕೆ. ಮೆಷಿನ್ ಗಂಟೆಗೆ 450 ರೂಪಾಯಿ ಅಂತ ಅವರು ಕೊಟೇಶನ್ ಹಾಕುತ್ತಾರೆ. ಆ 450ರಲ್ಲಿ ಶೆಡ್ಡಿನ ಬಾಡಿಗೆ ಇಲ್ಲ, ಯಾಕಂದರೆ ಶೆಡ್ಡು ಸ್ವಂತದ್ದು. ಮಾಲೀಕರ ಸಂಬಳ ಇಲ್ಲ, ಯಾಕಂದರೆ ಅವರು ಸಂಬಳ ತಗೊಳ್ಳುವುದಿಲ್ಲ, ಬೇಕಾದಾಗ ಗಲ್ಲಾದಿಂದ ತೆಗೆಯುತ್ತಾರೆ. ಅವರ ಹೆಂಡತಿ ದಿನಾ ಬಂದು ಬಿಲ್ಲಿಂಗ್, ಬ್ಯಾಂಕ್ ಕೆಲಸ ಎಲ್ಲ ನೋಡುತ್ತಾರೆ, ಅದೂ ಇಲ್ಲ. ಇವನ್ನೆಲ್ಲ ಸೇರಿಸಿದರೆ ನನ್ನ ಲೆಕ್ಕದಲ್ಲಿ 600ರ ಹತ್ತಿರ ಬರುತ್ತದೆ. 450ರ ಬಜೆಟ್ಟಿಗೆ 450 ಖರ್ಚಾದರೆ ವೇರಿಯನ್ಸ್ ಸೊನ್ನೆ, ಶೀಟ್ ಹಸಿರು. ಆದರೆ ಓಡಿ ಖಾತೆ ಪ್ರತಿ ಮಾರ್ಚ್‌ನಲ್ಲೂ ತುಂಬಿ ತುಳುಕುವುದು ಯಾಕೆ ಅಂತ ಕೇಳಿದರೆ ಉತ್ತರ ಆ ಹಸಿರಿನ ಒಳಗೇ ಇದೆ.

"ಆರುನೂರು ಅಂದ್ರೆ ಯಾರು ಕೊಡ್ತಾರೆ ಮೇಡಂ? ಪಕ್ಕದ ರೋಡಲ್ಲಿ ನಾನೂರಕ್ಕೆ ಮಾಡ್ತಾರೆ."

"ಅವರೂ ಹೆಂಡತಿ ಸಂಬಳ ಲೆಕ್ಕ ಹಾಕಿರಲ್ಲ ಸರ್."

ಒಳಗಿನ ಟೇಬಲ್ಲಿನಿಂದ ಅವರ ಹೆಂಡತಿ, "ನನ್ನದು ಹಾಕಿ ಮೇಡಂ, ಎಷ್ಟಾಗುತ್ತೆ ನೋಡೋಣ" ಅಂದರು. ಹಾಕಿದ್ದೇನೆ. ಮುಂದಿನ ವರ್ಷದ ಬಜೆಟ್ಟಿನಲ್ಲಿ ಎರಡು ಕಾಲಂ ಇಟ್ಟಿದ್ದೇವೆ, ಒಂದು 450ರದ್ದು, ಒಂದು 600ರದ್ದು. ಕೊಟೇಶನ್ ಇನ್ನೂ ಮೊದಲನೆಯದರಲ್ಲೇ ಹೋಗುತ್ತಿದೆ. ಹೊಸ ಗಿರಾಕಿಯೊಬ್ಬರಿಗೆ ಮಾತ್ರ ಈ ಸಲ 520 ಹಾಕಿ ನೋಡಿದ್ದಾರೆ.